ಮುಚ್ಚಳ ತೆಗೆದ ಕೂಡಲೇ ಬಾವೊಜಿ ಕುಸಿಯುವುದು ಯಾಕೆ?

ಪ್ರಶ್ನೆ: ಚೀನೀಯರ ಹೂರಣದ ಬನ್, ಅಂದರೆ ಬಾವೊಜಿಯನ್ನು ಮನೆಯಲ್ಲಿ ಮಾಡುತ್ತಿದ್ದೇನೆ. ಮೈದಾ, ಯೀಸ್ಟ್, ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಹಾಕಿ ಹಿಟ್ಟು ಕಲಸುತ್ತೇನೆ. ಎರಡು ಪಟ್ಟು ಆದ ಮೇಲೆ ಹೂರಣ ತುಂಬಿ, ಮತ್ತೆ ಒಂದು ಗಂಟೆ ಬಿಟ್ಟು ಇಡ್ಲಿ ಪಾತ್ರೆಯಲ್ಲಿ ಬೇಯಿಸುತ್ತೇನೆ. ಪಾತ್ರೆಯೊಳಗೆ ದುಂಡಗೆ ಉಬ್ಬಿರುತ್ತವೆ. ಮುಚ್ಚಳ ತೆಗೆದರೆ ಸುಕ್ಕುಗಟ್ಟಿ ಕುಸಿಯುತ್ತವೆ. ಬಣ್ಣ ಹಳದಿ, ತಳ ಒದ್ದೆ. ಎಲೆಕೋಸಿನ ಹೂರಣ ನೀರು ಬಿಟ್ಟು ಬಾಯಿ ಬಿಚ್ಚಿಕೊಳ್ಳುತ್ತದೆ. ನಮ್ಮದು ಸಸ್ಯಾಹಾರಿ ಮನೆ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ನಮಗೆ ಹೊಂದುವಂಥ, ಚೀನಾದಲ್ಲೇ ಮಾಡುವ ಹೂರಣ ಇದೆಯೇ?
— ದಾವಣಗೆರೆಯ ಓದುಗರು

ಉತ್ತರ: ‘ಮತ್ತೆ ಒಂದು ಗಂಟೆ’ ಅಂತ ಬರೆದಿದ್ದೀರಲ್ಲ, ತೊಂದರೆ ಮುಖ್ಯವಾಗಿ ಅಲ್ಲೇ ಇದೆ. ದಾವಣಗೆರೆಯ ಸೆಖೆಗೆ ಒಂದು ಗಂಟೆ ಬಹಳ ಜಾಸ್ತಿ. ಮನೆಯಲ್ಲಿ ಬಾವೊಜಿ ಕೆಡುವುದಕ್ಕೆ ಹಿಟ್ಟು ಉಬ್ಬದೇ ಇದ್ದದ್ದು ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಹವೆಯಲ್ಲಿ ಹೆಚ್ಚಾಗಿ ಅದು ಅತಿಯಾಗಿ ಉಬ್ಬಿಯೇ ಕೆಡುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನುವುದು ಗೊತ್ತಾದರೆ ನಿಮ್ಮ ಕಷ್ಟಗಳಲ್ಲಿ ದೊಡ್ಡದು ತೀರುತ್ತದೆ.

ಒಳಗೆ ಏನಾಗುತ್ತದೆ ನೋಡಿ. ಯೀಸ್ಟ್ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಿಟ್ಟಿನ ಗ್ಲುಟೆನ್, ಅಂದರೆ ನಾದಿದಾಗ ಜಗ್ಗುವ ಅಂಟು ಪ್ರೋಟೀನ್, ಆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಡಿದಿಡುತ್ತದೆ. ಹಬೆ ತಾಗಿದ ಮೇಲೆ ಗುಳ್ಳೆಯೊಳಗಿನ ಗಾಳಿ ಹಿಗ್ಗುತ್ತದೆ, ಹಿಟ್ಟಿನ ನೀರೂ ಆವಿಯಾಗಿ ಅದಕ್ಕೆ ಸೇರುತ್ತದೆ. ಹೀಗಾಗಿ ಪಾತ್ರೆಯೊಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮುಚ್ಚಳ ತೆಗೆದಾಗ ಒಳಗಿನ ಆವಿ ತಣಿದು ನೀರಾಗುತ್ತದೆ, ಒತ್ತಡ ಇಳಿಯುತ್ತದೆ. ಗುಳ್ಳೆಗಳ ಗೋಡೆ ಗಟ್ಟಿಯಾಗಿ ಬೆಂದಿದ್ದರೆ ಬನ್ ಹಾಗೇ ನಿಲ್ಲುತ್ತದೆ. ಅತಿಯಾಗಿ ಉಬ್ಬಿದ ಹಿಟ್ಟಿನಲ್ಲಿ ಈ ಗೋಡೆಗಳು ಎಳೆದು ಎಳೆದು ತೆಳ್ಳಗಾಗಿರುತ್ತವೆ. ಒಳಗಿನ ಒತ್ತಡ ಹೋದ ಕೂಡಲೇ ಅವು ಮುದುಡುತ್ತವೆ. ನೀವು ನೋಡುತ್ತಿರುವ ಸುಕ್ಕು ಅದೇ.

ಮೊದಲು ಯಾವ ಬಾವೊಜಿ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಇಂಟರ್‌ನೆಟ್ಟಿನ ವಿಡಿಯೊಗಳಲ್ಲಿ ಎಲ್ಲವನ್ನೂ ಬಾವೊ ಅಂತಲೇ ತೋರಿಸುತ್ತಾರೆ. ಗ್ವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಕಡೆಯ ಚಾ ಸಿಯು ಬಾವೊ ನೆತ್ತಿಯ ಮೇಲೆ ಬಿರಿದು ಹೂವಿನಂತೆ ತೆರೆದಿರಬೇಕು. ಅದಕ್ಕೆ ಪ್ರೋಟೀನ್ ತೀರಾ ಕಡಿಮೆಯಿರುವ ಹಿಟ್ಟು, ಜಾಸ್ತಿ ಸಕ್ಕರೆ, ಬೇಕಿಂಗ್ ಪೌಡರ್, ಜೋರಾದ ಹಬೆ ಬೇಕು. ಶಾಂಘೈ ಕಡೆಯ ಶಿಯಾವ್‌ಲಾಂಗ್‌ಬಾವೊ ತೆಳು ಹಾಳೆಯದು. ಹಂದಿಯ ಚರ್ಮ ಬೇಯಿಸಿ ಹೆಪ್ಪುಗಟ್ಟಿಸಿದ ರಸವನ್ನು ಹೂರಣಕ್ಕೆ ಬೆರೆಸುತ್ತಾರೆ, ಬೆಂದಾಗ ಅದು ಕರಗಿ ಒಳಗೆ ಸಾರಾಗುತ್ತದೆ. ಶೆಂಗ್‌ಜಿಯನ್‌ಬಾವೊ ಅದೇ ಊರಿನದು, ತವೆಯ ಮೇಲೆ ತಳ ಗರಿಯಾಗುವಂತೆ ಬೇಯಿಸುವುದು. ನೀವು ಮಾಡಲು ಹೊರಟಿರುವುದು ಉತ್ತರ ಚೀನಾದ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮಾಡುವ ಸಾದಾ ದೊಡ್ಡ ಬಾವೊಜಿ. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸಬೇಡಿ. ಮುಂಡಗೋಡು ಅಥವಾ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಟಿಂಗ್ಮೊ ತಿಂದಿದ್ದರೆ ನಿಮಗೆ ಬೇಕಾದ ಮೆತ್ತನೆಯ ಅಂದಾಜು ಸಿಗುತ್ತದೆ. ಅದು ಹೂರಣವಿಲ್ಲದ, ಯೀಸ್ಟ್ ಹಾಕಿ ಹಬೆಯಲ್ಲಿ ಬೇಯಿಸಿದ ಬನ್. ಮೊಮೊದ ಹಾಳೆಗೆ ಸಾಮಾನ್ಯವಾಗಿ ಯೀಸ್ಟ್ ಇರುವುದಿಲ್ಲ.

ಹಿಟ್ಟಿನ ವಿಷಯದಲ್ಲಿ ನಮಗೆ ಚಿಂತೆ ಬೇಡ. ಚೀನಾದಲ್ಲಿ ಬಾವೊಜಿಗೆ ಬಳಸುವುದು ಮಧ್ಯಮ ಗ್ಲುಟೆನ್ನಿನ ಹಿಟ್ಟು. ನಮ್ಮ ಪ್ಯಾಕೆಟ್ ಮೈದಾ ಹೆಚ್ಚುಕಮ್ಮಿ ಅದೇ ಮಟ್ಟದ್ದು. ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ 10ರಿಂದ 11 ಗ್ರಾಂ ಪ್ರೋಟೀನ್ ಅಂತ ಇದ್ದರೆ ಸರಿ. ಬ್ರೆಡ್ ಹಿಟ್ಟು ತರಬೇಡಿ. ಅದು ಜಗ್ಗುತ್ತದೆ, ಬೆಂದ ಮೇಲೆ ಇನ್ನೂ ಹೆಚ್ಚು ಮುದುಡುತ್ತದೆ. ಗೋಧಿ ಹಿಟ್ಟು ಬೆರೆಸಬೇಕು ಅನ್ನಿಸಿದರೆ ನಾಲ್ಕನೇ ಒಂದು ಭಾಗ ಸಾಕು. ಚಪಾತಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಆಗ ಎರಡು ಮೂರು ಚಮಚ ನೀರು ಹೆಚ್ಚಿಸಿ.

ಇನ್ನು ಹಳದಿ ಬಣ್ಣ. ಅದು ಸೋಡಾದ್ದು. ಗೋಧಿಯಲ್ಲಿ ಸಹಜವಾಗಿರುವ ಕೆಲವು ಬಣ್ಣದ ವಸ್ತುಗಳು ಸೋಡಾದಂಥ ಕ್ಷಾರ ತಾಗಿದರೆ ಹಳದಿಯಾಗುತ್ತವೆ. ಉತ್ತರ ಚೀನಾದಲ್ಲಿ ಹಿಂದೆ ಯೀಸ್ಟ್ ಪ್ಯಾಕೆಟ್ ಇರಲಿಲ್ಲ. ಹಿಂದಿನ ದಿನದ ಹಿಟ್ಟಿನ ಒಂದು ಉಂಡೆ ಎತ್ತಿಟ್ಟು ಅದರಿಂದಲೇ ಹೊಸ ಹಿಟ್ಟು ಹುದುಗಿಸುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಹಾಗೆ ಹುದುಗಿದ ಹಿಟ್ಟು ಹುಳಿಯಾಗುತ್ತದೆ. ಆ ಹುಳಿ ಮುರಿಯಲು ಕ್ಷಾರ ಹಾಕಬೇಕಾಗುತ್ತಿತ್ತು. ಎಷ್ಟು ಹಾಕಬೇಕು ಅನ್ನುವುದನ್ನು ಮೂಸಿ, ಕತ್ತರಿಸಿ ನೋಡಿ, ಚೂರು ಬೇಯಿಸಿ ತಿಳಿಯುತ್ತಿದ್ದರು. ಕಡಿಮೆಯಾದರೆ ಹುಳಿ, ಜಾಸ್ತಿಯಾದರೆ ಹಳದಿ. ಅದು ದೊಡ್ಡ ಕೈಚಳಕ, ನನಗೆ ಅದರ ಮೇಲೆ ತುಂಬಾ ಗೌರವವಿದೆ. ಆದರೆ ಅಂಗಡಿಯ ಯೀಸ್ಟ್ ಹಾಕಿ ಒಂದೆರಡು ಗಂಟೆಯಲ್ಲಿ ಮುಗಿಸುವ ಹಿಟ್ಟಿನಲ್ಲಿ ಮುರಿಯಬೇಕಾದಷ್ಟು ಹುಳಿಯೇ ಇರುವುದಿಲ್ಲ. ಸೋಡಾ ಬಿಟ್ಟುಬಿಡಿ. ಹಾಗಂತ ಹಾಲಿನಂಥ ಬಿಳುಪನ್ನೂ ನಿರೀಕ್ಷಿಸಬೇಡಿ. ಹಿಟ್ಟನ್ನು ಬಿಳಿಯಾಗಿಸಲು ಬೆನ್ಜಾಯ್ಲ್ ಪೆರಾಕ್ಸೈಡ್ ಹಾಕುವುದನ್ನು ಚೀನಾದಲ್ಲೇ 2011ರ ಮೇ 1ರಿಂದ ನಿಷೇಧಿಸಿದ್ದಾರೆ. ಮನೆಯ ಬಾವೊಜಿ ತುಸು ಕೆನೆ ಬಣ್ಣಕ್ಕಿರುವುದೇ ಸರಿ.

ಅಳತೆಗೆ ಬರೋಣ. ಮೈದಾ 500 ಗ್ರಾಂ, ನೀರು 250 ಗ್ರಾಂ, ಸಕ್ಕರೆ 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ವಾಸನೆಯಿಲ್ಲದ ಎಣ್ಣೆ 10 ಗ್ರಾಂ. ಚಳಿಗಾಲದಲ್ಲಿ ಯೀಸ್ಟ್ 5 ಗ್ರಾಂ ಮಾಡಿ. ಬೇಸಿಗೆಯಲ್ಲಿ 3 ಗ್ರಾಂ ಸಾಕು, ನೀರು ತಣ್ಣಗೇ ಇರಲಿ. ದಯವಿಟ್ಟು ಒಂದು ಸಣ್ಣ ತೂಕದ ಯಂತ್ರ ಕೊಂಡುಕೊಳ್ಳಿ. ಲೋಟದ ಅಳತೆಯಲ್ಲಿ ಮೈದಾ ಒಮ್ಮೆ ಒತ್ತಿ, ಒಮ್ಮೆ ಸಡಿಲವಾಗಿ ಬೀಳುತ್ತದೆ. ನೀರು ಹಿಟ್ಟಿನ ಅರ್ಧ ತೂಕ ಇರಬೇಕಾದ ಕಡೆ ಆ ವ್ಯತ್ಯಾಸ ದೊಡ್ಡದು. ಹಿಟ್ಟು ಚಪಾತಿ ಹದಕ್ಕಿಂತ ಗಟ್ಟಿ, ಪೂರಿ ಹದಕ್ಕಿಂತ ಸ್ವಲ್ಪ ಮೆತ್ತಗೆ ಇರಬೇಕು. ಕಲಸಿದ ಕೂಡಲೇ ಗಟ್ಟಿ ಅನ್ನಿಸಿ ಎಲ್ಲರೂ ನೀರು ಚಿಮುಕಿಸುತ್ತಾರೆ. ಅಲ್ಲಿ ಕೈ ತಡೆದುಕೊಳ್ಳಿ. ಹತ್ತು ನಿಮಿಷ ಮುಚ್ಚಿಟ್ಟರೆ ತಾನೇ ಸಡಿಲವಾಗುತ್ತದೆ.

ಆಮೇಲೆ ನಾದುವ ಕೆಲಸ. ಚೀನೀ ಅಡುಗೆಮನೆಯಲ್ಲಿ ಇದಕ್ಕೊಂದು ಲೆಕ್ಕವಿದೆ: ಹಿಟ್ಟು ನುಣುಪು, ಪಾತ್ರೆ ನುಣುಪು, ಕೈ ನುಣುಪು. ಮೂರಕ್ಕೂ ಏನೂ ಅಂಟಿರಬಾರದು. ಅಲ್ಲಿಗೆ ಬರಲು ಕೈಯಲ್ಲಾದರೆ ಹತ್ತು ಹದಿನೈದು ನಿಮಿಷ ಬೇಕು. ಸುಮ್ನೆ ಒತ್ತಿ ಉಂಡೆ ಮಾಡಿದರೆ ಆಗುವುದಿಲ್ಲ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ. ಕೊನೆಗೆ ಹಿಟ್ಟನ್ನು ಮಣೆಯ ಮೇಲೆ ಹಾಕಿ ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಮಾಡಿ, ಮತ್ತೆ ಲಟ್ಟಿಸಿ. ಐದಾರು ಸಲ ಹೀಗೆ ಮಾಡಿದರೆ ದೊಡ್ಡ ಗುಳ್ಳೆಗಳು ಒಡೆದುಹೋಗುತ್ತವೆ. ಬೆಂದ ಬಾವೊಜಿಯ ಮೈ ನಯವಾಗಿರುವುದು ಈ ಹೆಜ್ಜೆಯಿಂದಲೇ. ಗುಂಡಿ ಗುಂಡಿಯಾದ ಮೈಗೆ ಒಳಗೆ ಉಳಿದ ದೊಡ್ಡ ಗುಳ್ಳೆಗಳೇ ಕಾರಣ.

ನೀವು ಎರಡು ಸಲ ಉಬ್ಬಿಸುತ್ತಿದ್ದೀರಿ. ಅದು ತಪ್ಪಲ್ಲ, ಚೀನಾದಲ್ಲೂ ಬಹಳ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಆದರೆ ನಿಮಗೆ ನಾನು ಒಂದೇ ಸಲ ಉಬ್ಬಿಸುವ ಕ್ರಮವನ್ನು ಹೇಳುತ್ತೇನೆ. ನಾದಿದ ಹಿಟ್ಟಿಗೆ ಹತ್ತೇ ನಿಮಿಷ ವಿಶ್ರಾಂತಿ ಕೊಡಿ. ಕೂಡಲೇ ಉಂಡೆ ಮಾಡಿ, ಲಟ್ಟಿಸಿ, ಹೂರಣ ತುಂಬಿ. ಉಬ್ಬುವುದೆಲ್ಲ ತುಂಬಿದ ಮೇಲೆಯೇ ಆಗಲಿ. ರುಚಿಯಲ್ಲಿ ಎರಡು ಸಲದ್ದು ಒಂದು ಕೈ ಮೇಲು ನಿಜ. ಆದರೆ ಸೆಖೆಯ ಊರಿನಲ್ಲಿ ಒಂದು ಸಲದ್ದು ಹಿಡಿತದಲ್ಲಿರುತ್ತದೆ. ಮೈಯೂ ನಯವಾಗಿ ಬರುತ್ತದೆ. ಕೈ ಕುದುರಿದ ಮೇಲೆ ಎರಡು ಸಲಕ್ಕೆ ಹೋಗಬಹುದು.

ಎಲ್ಲಿ ನಿಲ್ಲಿಸಬೇಕು? ಎರಡು ಪಟ್ಟು ಅನ್ನುವುದು ಬ್ರೆಡ್ಡಿನ ಲೆಕ್ಕ. ತುಂಬಿಟ್ಟ ಬಾವೊಜಿ ಒಂದೂವರೆ ಪಟ್ಟು ಆದರೆ ಸಾಕು. ಉಳಿದದ್ದನ್ನು ಹಬೆಯಲ್ಲಿ ಅದು ತಾನೇ ಉಬ್ಬಿಕೊಳ್ಳುತ್ತದೆ. ದುಂಡಗಿನ ವಸ್ತು ಒಂದೂವರೆ ಪಟ್ಟು ಆಯಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೆ ಒಂದು ಉಪಾಯವಿದೆ. ಉಂಡೆ ಮಾಡುವಾಗಲೇ ನೆಲ್ಲಿಕಾಯಿ ಗಾತ್ರದ ಹಿಟ್ಟನ್ನು ನೇರ ಬದಿಯ ಸಣ್ಣ ಗಾಜಿನ ಲೋಟಕ್ಕೆ ಒತ್ತಿ ಹಾಕಿ. ಅದರ ಎತ್ತರಕ್ಕೊಂದು ಗೆರೆ, ಅದರ ಒಂದೂವರೆ ಎತ್ತರಕ್ಕೊಂದು ಗೆರೆ ಎಳೆಯಿರಿ. ಲೋಟವನ್ನು ಬಾವೊಜಿಗಳ ಪಕ್ಕದಲ್ಲೇ ಇಡಿ. ಮೇಲಿನ ಗೆರೆ ಮುಟ್ಟಿದಾಗ ಒಲೆಗೆ ಏರಿಸಿ. ಜೊತೆಗೆ ಒಂದು ಬಾವೊಜಿಯನ್ನು ಕೈಗೆತ್ತಿಕೊಂಡು ನೋಡಿ. ಮೊದಲಿಗಿಂತ ಹಗುರ ಅನ್ನಿಸಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ಮೇಲೆ ಬರಬೇಕು. ಫಕ್ಕನೆ ಪುಟಿದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ. 28 ಡಿಗ್ರಿಯ ಅಡುಗೆಮನೆಯಲ್ಲಿ ಇದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಗಡಿಯಾರಕ್ಕಿಂತ ಲೋಟವನ್ನೇ ನಂಬಿ.

ಇಲ್ಲಿ ಇನ್ನೊಂದು ತೊಡಕಿದೆ. ಮೊದಲು ತುಂಬಿದ್ದಕ್ಕೂ ಕೊನೆಗೆ ತುಂಬಿದ್ದಕ್ಕೂ ಸಮಯದ ಅಂತರ ಇರುತ್ತದೆ. ಹೊಸಬರಿಗೆ ಹದಿನಾರು ಬಾವೊಜಿ ಕಟ್ಟಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮೊದಲನೆಯದು ಹದ ಮೀರಿರುತ್ತದೆ. ಹಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ. ಮೊದಲ ಪಾಲು ಒಲೆಯ ಮೇಲೆ ಹೋದ ಮೇಲೆ ಎರಡನೆಯದನ್ನು ತೆಗೆಯಿರಿ.

ಈ ಅಳತೆಗೆ 45 ಗ್ರಾಂ ಮೀರಿದ ಹದಿನಾರು ಉಂಡೆ ಬರುತ್ತವೆ. ಸುಮಾರು ಹತ್ತು ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ನಡು ದಪ್ಪ, ಅಂಚು ತೆಳು ಇರಬೇಕು. ಎಡಗೈಯಲ್ಲಿ ಹಾಳೆಯನ್ನು ತಿರುಗಿಸುತ್ತಾ ಬಲಗೈಯ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ತನಕ ಮಾತ್ರ ಓಡಿಸಿ. ನಡುವೂ ತೆಳುವಾದರೆ ತಳದಲ್ಲಿ ರಸ ಸೋರುತ್ತದೆ. ಅಂಚೂ ದಪ್ಪವಾದರೆ ನೆರಿಗೆ ಕೂಡುವ ನೆತ್ತಿಯಲ್ಲಿ ಹಿಟ್ಟಿನ ಗಟ್ಟಿ ಗಂಟು ಉಳಿಯುತ್ತದೆ. ನೆರಿಗೆ ಹಿಡಿಯುವುದು ಗಣೇಶನ ಹಬ್ಬಕ್ಕೆ ಮೋದಕ ಕಟ್ಟಿದವರಿಗೆ ಹೊಸದಲ್ಲ. ಎಡಗೈ ಹೆಬ್ಬೆರಳು ಹೂರಣವನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಬಲಗೈ ಹೆಬ್ಬೆರಳು ಇದ್ದಲ್ಲೇ ಇದ್ದು, ತೋರುಬೆರಳು ಒಂದೊಂದೇ ಮಡಿಕೆಯನ್ನು ಅದರ ಬಳಿಗೆ ತರುತ್ತದೆ. ಟಿಯಾಂಜಿನ್ ಊರಿನಲ್ಲಿ 1858ರಲ್ಲಿ ಶುರುವಾದ ಗೌಬುಲಿ ಅಂಗಡಿಯ ಬಾವೊಜಿ ಹದಿನೆಂಟು ನೆರಿಗೆಗೆ ಹೆಸರಾಗಿದೆ. ನೀವು ಹತ್ತು ಹನ್ನೆರಡು ಹಿಡಿದರೂ ಸಾಕು. ಕೊನೆಯಲ್ಲಿ ಬಾಯಿಯನ್ನು ತಿರುಚಿ ಗಟ್ಟಿಯಾಗಿ ಚಿವುಟಿ. ಅಂಚಿಗೆ ಹೂರಣದ ಎಣ್ಣೆ ತಾಗಿದ್ದರೆ ಎಷ್ಟು ಚಿವುಟಿದರೂ ಬಾಯಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಚಮಚ ಅಂಚಿಗೆ ತಾಗದಿರಲಿ. ಒಂದಕ್ಕೆ 30 ಗ್ರಾಂ ಹೂರಣ ಹಿತ.

ಹಬೆಗೆ ನಿಮ್ಮ ಇಡ್ಲಿ ಪಾತ್ರೆ ಚೆನ್ನಾಗಿಯೇ ಆಗುತ್ತದೆ. ಗುಳಿಯ ತಟ್ಟೆಗಳನ್ನು ತೆಗೆದು ಚಪ್ಪಟೆಯಾದ ತೂತಿನ ತಟ್ಟೆ ಇಡಿ. ಕುದಿಯುವ ನೀರು ತಟ್ಟೆಗೆ ಸಿಡಿಯದಷ್ಟು ಕೆಳಗಿರಬೇಕು, ಎರಡು ಇಂಚಿನ ಅಂತರ ಒಳ್ಳೆಯದು. ಚೀನೀಯರ ಬಿದಿರಿನ ಬುಟ್ಟಿಯ ದೊಡ್ಡ ಗುಣ ಏನೆಂದರೆ ಅದರ ಮುಚ್ಚಳ ಹಬೆಯ ನೀರನ್ನು ಹೀರಿಕೊಳ್ಳುತ್ತದೆ. ಸ್ಟೀಲ್ ಮುಚ್ಚಳದಿಂದ ಆ ನೀರು ತೊಟ್ಟಿಕ್ಕುತ್ತದೆ. ತೊಟ್ಟು ಬಿದ್ದ ಕಡೆ ಹಿಟ್ಟು ಉಬ್ಬದೆ ಪಾರದರ್ಶಕ ಕಲೆಯಾಗುತ್ತದೆ. ಮುಚ್ಚಳಕ್ಕೆ ಒಂದು ಹತ್ತಿಯ ಬಟ್ಟೆ ಸುತ್ತಿ ತುದಿಗಳನ್ನು ಮೇಲೆ ಗಂಟು ಹಾಕಿ. ಬಟ್ಟೆ ಕೆಳಗೆ ಜೋತು ಬೀಳದಂತೆ ನೋಡಿಕೊಳ್ಳಿ, ಒಲೆಯ ಉರಿ ತಾಗೀತು. ಬಾವೊಜಿಯ ಕೆಳಗೆ ಎಣ್ಣೆ ಸವರಿದ ಬಾಳೆಲೆಯ ತುಂಡು ಅಥವಾ ಬೇಕಿಂಗ್ ಪೇಪರ್ ಹಾಕಿ. ಎರಡು ಬಾವೊಜಿಗಳ ನಡುವೆ ಎರಡು ಬೆರಳು ಜಾಗ ಇರಲಿ.

ನೀರು ಚೆನ್ನಾಗಿ ಕುದಿಯುವಾಗ ತಟ್ಟೆ ಇಟ್ಟು, ಮಧ್ಯಮ ಉರಿಯಲ್ಲಿ ಹನ್ನೆರಡು ಹದಿಮೂರು ನಿಮಿಷ. ಮಾಂಸದ ಹೂರಣವಾದರೆ ಹದಿನೈದು. ಚೀನಾದಲ್ಲಿ ಅನೇಕರು ತಣ್ಣೀರಿನಿಂದಲೇ ಶುರು ಮಾಡುತ್ತಾರೆ. ನೀರು ಕಾಯುವ ಆ ಏಳೆಂಟು ನಿಮಿಷವೂ ಹಿಟ್ಟು ಉಬ್ಬುವ ಸಮಯವೇ. ಸೆಖೆಯ ಊರಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮತ್ತೆ ಹದ ಮೀರುತ್ತದೆ. ಬೆಂಗಳೂರು, ಮಡಿಕೇರಿಯಲ್ಲಿ ಮಾಡುವವರಿಗೆ ಒಂದು ಮಾತು. ಎತ್ತರ ಮುನ್ನೂರು ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಬೆಂಗಳೂರಲ್ಲಿ ಅದು 97 ಡಿಗ್ರಿಯ ಹತ್ತಿರ. ಒಂದೆರಡು ನಿಮಿಷ ಜಾಸ್ತಿ ಕೊಡಿ.

ಒಲೆ ಆರಿಸಿದ ಮೇಲೆ ಮುಚ್ಚಳ ತೆಗೆಯಲು ಅವಸರ ಮಾಡಬೇಡಿ. ಮೂರು ನಿಮಿಷ ಹಾಗೇ ಬಿಡಿ. ಆಮೇಲೆ ಮುಚ್ಚಳವನ್ನು ಒಂದು ಬದಿಯಲ್ಲಿ ಬೆರಳಷ್ಟು ಸರಿಸಿ, ಇನ್ನೆರಡು ನಿಮಿಷ. ಬಿಸಿ ಮೆಲ್ಲಗೆ ಇಳಿದರೆ ಒತ್ತಡವೂ ಮೆಲ್ಲಗೆ ಇಳಿಯುತ್ತದೆ. ಆದರೆ ಇದರಿಂದ ಅತಿಯಾಗಿ ಉಬ್ಬಿದ ಹಿಟ್ಟನ್ನು ಉಳಿಸಲಾಗದು, ಹದವಾಗಿದ್ದದ್ದನ್ನು ಕಾಪಾಡಬಹುದು ಅಷ್ಟೆ. ತೆಗೆದ ಬಾವೊಜಿಯನ್ನು ಸ್ಟೀಲ್ ತಟ್ಟೆಯ ಮೇಲೆ ಇಡಬೇಡಿ. ತಳದಲ್ಲಿ ಆವಿ ನೀರಾಗಿ ಒದ್ದೆಯಾಗುತ್ತದೆ. ಜಾಲರಿಯ ಮೇಲೆ ಅಥವಾ ಬಿದಿರಿನ ಮೊರದಲ್ಲಿ ಇಡಿ.

ಈಗ ಹೂರಣ. ನಿಮ್ಮ ಅತ್ತೆಯವರಿಗೆ ಹೊಂದುವ ಬಾವೊಜಿ ಚೀನಾದಲ್ಲಿ ಶತಮಾನಗಳಿಂದ ಇದೆ. ಅಲ್ಲಿನ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಘಾಟಿನ ಸೊಪ್ಪು ಗೆಡ್ಡೆಗಳನ್ನೂ ಬಿಡುತ್ತಾರೆ. ಶಾಂಘೈ ಕಡೆ ಮನೆಮಾತಾಗಿರುವ ಅಣಬೆ ಮತ್ತು ಹಸಿರು ಸೊಪ್ಪಿನ ಬಾವೊಜಿ ನನಗೆ ಎಲ್ಲಕ್ಕಿಂತ ಇಷ್ಟ. ಒಣ ಶಿಟಾಕೆ ಅಣಬೆ ಎಂಟು ಹತ್ತು ನೆನೆಸಿ, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಸೋಯಾ ಸಾಸ್ ಮತ್ತು ಅಣಬೆ ನೆನೆಸಿದ ನೀರು ಎರಡು ಚಮಚ ಹಾಕಿ ಇಂಗಿಸಿ. ಬಾಕ್ ಚಾಯ್ ಸೊಪ್ಪು ಅರ್ಧ ಕಿಲೋ ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಹೆಚ್ಚಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಗಟ್ಟಿ ತೋಫು 150 ಗ್ರಾಂ ಪುಡಿ ಮಾಡಿ ಸೇರಿಸಿ. ಬಾಕ್ ಚಾಯ್ ನಿಮ್ಮಲ್ಲಿ ಸಿಗದಿದ್ದರೆ ಎಲೆಕೋಸೇ ಇರಲಿ. ಅರ್ಧ ಕಿಲೋ ಕೋಸಿಗೆ ಒಂದು ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು ಹಿಂಡಿ. ಬಟ್ಟಲಿಗೆ ಎಷ್ಟು ನೀರು ಇಳಿಯಿತು ನೋಡಿ. ಅಷ್ಟೂ ಇಷ್ಟು ದಿನ ನಿಮ್ಮ ಬಾವೊಜಿಯೊಳಗೆ ಇಳಿಯುತ್ತಿತ್ತು.

ಒಗ್ಗರಣೆಯಷ್ಟೇ ಮುಖ್ಯವಾದ ಒಂದು ಕ್ರಮ ಇಲ್ಲಿದೆ. ಸೊಪ್ಪಿಗೆ ಮೊದಲು ಎಣ್ಣೆ, ಆಮೇಲೆ ಉಪ್ಪು. ಎಣ್ಣೆ ಸವರಿದ ಸೊಪ್ಪಿನಿಂದ ಉಪ್ಪು ಬೇಗ ನೀರು ಎಳೆಯುವುದಿಲ್ಲ. ಉಪ್ಪನ್ನು ತುಂಬುವ ಹೊತ್ತಿಗೆ ಹಾಕಿ, ಅರ್ಧ ಚಮಚ ಸಕ್ಕರೆಯನ್ನೂ ಮರೆಯಬೇಡಿ. ಕೋಸನ್ನು ಉಪ್ಪು ಹಾಕಿ ಹಿಂಡಿದ್ದರೆ ರುಚಿ ನೋಡಿ ಹಾಕಿ. ಚೀನೀಯರು ಬಳಸುವುದು ಹುರಿದ ಎಳ್ಳಿನ ಎಣ್ಣೆ, ಕಂದು ಬಣ್ಣದ್ದು. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು, ಆ ಪರಿಮಳ ಬರುವುದಿಲ್ಲ. ಎರಡು ಚಮಚ ಬಿಳಿ ಎಳ್ಳು ಹೊಂಬಣ್ಣಕ್ಕೆ ಹುರಿದು ಕುಟ್ಟಿ ಹಾಕಿದರೆ ಹತ್ತಿರ ಬರುತ್ತದೆ. ಉತ್ತರದವರು ಹುವಾಜಿಯಾವ್ ಅನ್ನುವ, ನಾಲಿಗೆ ಜುಮ್ಮೆನ್ನಿಸುವ ಕಾಳನ್ನು ಬಿಸಿನೀರಲ್ಲಿ ನೆನೆಸಿ ಆ ನೀರನ್ನು ಹೂರಣಕ್ಕೆ ಹಾಕುತ್ತಾರೆ. ನಮ್ಮ ಕರಾವಳಿಯ ಕೊಂಕಣಿ ಮನೆಗಳ ತೆಪ್ಪಲ ಅದೇ ಕುಲದ ಗಿಡದ್ದು. ನಾಲ್ಕೈದು ಕಾಯಿ ಬೀಜ ತೆಗೆದು, ಎರಡು ಚಮಚ ಬಿಸಿನೀರಲ್ಲಿ ನೆನೆಸಿ, ನೀರು ಮಾತ್ರ ಬಳಸಿ.

ಮಾಂಸ ತಿನ್ನುವ ಓದುಗರಿಗೆ ಒಂದೇ ಮಾತು. ಕೊಬ್ಬಿಲ್ಲದ ಕೀಮಾ ಬೇಡ, ಕೋಳಿಯಾದರೆ ತೊಡೆಯ ಮಾಂಸ ತಗೊಳ್ಳಿ. ಅರ್ಧ ಕಿಲೋಗೆ 100 ಮಿಲಿಲೀಟರಿನಷ್ಟು ಶುಂಠಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಒಂದೇ ದಿಕ್ಕಿಗೆ, ಅಂಟು ಬರುವವರೆಗೆ ಕಲಸಿ. ಆಮೇಲೆ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ತುಂಬಿ.

ಸಿಹಿ ಬೇಕಾದರೆ ದೌಶಾ ಬಾವೊ ಇದೆ, ಕೆಂಪು ಅಜುಕಿ ಕಾಳಿನ ಹೂರಣದ್ದು. ಅಜುಕಿ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಹತ್ತಿರದ ನೆಂಟ ಕೆಂಪು ಅಲಸಂದೆ ಕಾಳು. 200 ಗ್ರಾಂ ಕಾಳು ಮೆತ್ತಗೆ ಬೇಯಿಸಿ, ಅರೆದು, 120 ಗ್ರಾಂ ಸಕ್ಕರೆ, 40 ಗ್ರಾಂ ಎಣ್ಣೆ ಹಾಕಿ ಬಾಣಲೆ ಬಿಡುವ ತನಕ ಮಗುಚಿ. ಏಲಕ್ಕಿ ಹಾಕಬೇಡಿ. ಕಾಳಿನ ಪರಿಮಳವೇ ಇದರ ಜೀವ. ಇದಕ್ಕೆ ನೆರಿಗೆಯೂ ಬೇಡ. ಬಾಯಿ ಮುಚ್ಚಿ, ಬೋರಲು ಹಾಕಿ, ನೆತ್ತಿ ನಯವಾಗಿ ಕಾಣುವಂತೆ ಇಡುತ್ತಾರೆ. ಒಂದೇ ಬುಟ್ಟಿಯಲ್ಲಿ ಸಿಹಿ ಯಾವುದು, ಖಾರ ಯಾವುದು ಅಂತ ಹೀಗೇ ಗೊತ್ತಾಗುತ್ತದೆ.

ಉಳಿದ ಬಾವೊಜಿಯನ್ನು ಪೂರ್ತಿ ತಣಿದ ಮೇಲೆ ಫ್ರೀಜರಿನಲ್ಲಿಡಬಹುದು. ತಿನ್ನುವಾಗ ಕರಗಿಸದೆ ಹಾಗೇ ಹತ್ತು ನಿಮಿಷ ಹಬೆ ಕೊಡಿ. ಫ್ರಿಜ್ಜಿನಲ್ಲಿಟ್ಟ ಮರುದಿನದ್ದಾದರೆ ದೋಸೆ ಹೆಂಚಿನ ಮೇಲೆ ಒಂದು ಚಮಚ ಎಣ್ಣೆ ಬಿಟ್ಟು, ತಳ ಕೆಂಪಾಗುವಂತೆ ಇಟ್ಟು, ಕಾಲು ಲೋಟ ನೀರು ಹಾಕಿ ಮುಚ್ಚಿ. ನೀರು ಆರಿದ ಸದ್ದು ಬಂದಾಗ ತೆಗೆಯಿರಿ.